ನಿಂತ ಬಂಡಿ, ನಡೆವ ಅರಿವು



ಸ್ಥಾವರ ಮತ್ತು ಜಂಗಮ ಎಂಬೆರಡು ಪದಗಳನ್ನು ಬಿಟ್ಟು ವಚನ ಸಾಹಿತ್ಯವನ್ನು ಪ್ರವೇಶಿಸುವುದು ಸಾಧ್ಯವಿಲ್ಲ. ಕಟ್ಟಿ ನಿಲ್ಲಿಸಿದ್ದು ಕಾಲಕ್ರಮದಲ್ಲಿ ಲಯವಾಗುತ್ತದೆ, ಚೈತನ್ಯವಾಗಿ ಸಂಚರಿಸುವುದು ಉಳಿಯುತ್ತದೆ ಎಂಬ ಅರ್ಥದ ಬಸವಣ್ಣನವರ ವಚನ ತಮಗೆಲ್ಲ ಕಂಠಪಾಠವಾಗಿರುವುದರಿಂದ ಅದನ್ನಿಲ್ಲಿ ಉದ್ಧರಿಸುವುದಿಲ್ಲ. ಆದರೆ ಆ ವಚನವನ್ನು ಓದುವಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಚಲಿಸುವುದಕ್ಕಾಗಿಯೇ ನಿರ್ಮಾಣಗೊಂಡ ವಸ್ತುವೊಂದು ಒಂದು ದಿನ ನಿಂತುಬಿಟ್ಟರೆ ಅದನ್ನು ಏನೆಂದು ಭಾವಿಸಬೇಕು? ಅದನ್ನು ಕಾಪಿಡಬೇಕೆ, ಕಳೆದುಬಿಡಬೇಕೆ?

ಈ ಪ್ರಶ್ನೆ ಶ್ರೀಮಠದ ಅಂಗಳಕ್ಕೇ ಬಂದು ನಿಂತಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ಓಣಿಗಳೆಲ್ಲ ಜಲಾವೃತವಾದುದು ಈ ಸೀಮೆಯ ಯಾರಿಗೂ ಮರೆತಿಲ್ಲ. ಆಗ ನಮ್ಮ ತೇರಿನ ಮನೆಗೂ ನೀರು ನುಗ್ಗಿತು. ಹಳೆಯ ತೇರಿನ ಗಾಲಿಗಳು ಮತ್ತು ಅಚ್ಚು ದಿನಗಟ್ಟಲೆ ಕೆಸರು ನೀರಿನಲ್ಲಿ ನೆನೆದವು. ಮರುವರ್ಷದೊಳಗೆ ಅಡಿಗಟ್ಟಿಗೆ ಗೆದ್ದಲು ಹತ್ತಿತು. ಭಕ್ತರ ಕಾಣಿಕೆಯಿಂದ ಹೊಸ ತೇರು ಸಿದ್ಧವಾಗಿ ಜಾತ್ರೆಯಲ್ಲಿ ಎಳೆಯಲ್ಪಡುತ್ತಿದೆ. ಹಳೆಯದು ಮಾತ್ರ ಅಲ್ಲಿಯೇ ನಿಂತಿದೆ. ಅದನ್ನು ಇದ್ದಂತೆಯೇ ಗಾಜಿನ ಮನೆಯಲ್ಲಿಡಬೇಕೆಂದು ಕೆಲವರು, ಹೊಳೆಗೆ ಒಪ್ಪಿಸಬೇಕೆಂದು ಕೆಲವರು, ಬಿಚ್ಚಿ ಕಟ್ಟಿಗೆಯನ್ನು ಬಳಸಬೇಕೆಂದು ಮತ್ತೆ ಕೆಲವರು. ಈ ಕುರಿತು ಒಂದು ಟಿಪ್ಪಣಿ ಬರೆದುಕೊಡುವಂತೆ ಪರಮಪೂಜ್ಯರು ನನಗೆ ಅಪ್ಪಣೆ ಮಾಡಿದರು.

ಆ ಟಿಪ್ಪಣಿಗೆ ದಾರಿ ತೋರಿದ್ದು, ವಿಚಿತ್ರವೆನಿಸಿದರೂ, ಜಪಾನಿನ ರೈಲು. ಅಲ್ಲಿ ತಂತ್ರಜ್ಞರಾಗಿರುವ ಮೂಡಲಗಿಯ ಭಕ್ತರೊಬ್ಬರು ರಜೆಯಲ್ಲಿ ಬಂದಾಗ ತೇರಿನ ವಿಷಯ ಕೇಳಿ, “ಆ ದೇಶದವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ, ಓದಿ ನೋಡಿರಿ” ಎಂದರು. ಓದಿ ತಿಳಿದುದನ್ನು ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾವು ಬುಲೆಟ್ ರೈಲು ಎನ್ನುವುದನ್ನು ಜಪಾನೀಯರು ಶಿಂಕಾನ್ಸೆನ್ ಎನ್ನುತ್ತಾರೆ. 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಗರಗಳ ನಡುವೆ ಅದರ ಮೊದಲ ಓಟ. ಗಂಟೆಗೆ 210 ಕಿಲೋಮೀಟರ್ ವೇಗ. ‘ಶೂನ್ಯ ಶ್ರೇಣಿ’ ಎಂಬುದು ಆ ಮೊದಲ ತಲೆಮಾರಿನ ಬೋಗಿಗಳ ಹೆಸರು. ಶೂನ್ಯವೆಂದೊಡನೆ ಅಲ್ಲಮಪ್ರಭುಗಳನ್ನು ನೆನೆಯುವ ನಮಗೆ ಈ ಹೆಸರು ಕುತೂಹಲ ಹುಟ್ಟಿಸದೆ ಇರದು. 1986ರವರೆಗೆ ಇಂತಹ 3,216 ಬೋಗಿಗಳು ತಯಾರಾದವು. ಅಂದಿನಿಂದ ಇಂದಿನವರೆಗೆ ಶಿಂಕಾನ್ಸೆನ್ ಹಳಿ ತಪ್ಪಿ ಅಥವಾ ಡಿಕ್ಕಿ ಹೊಡೆದು ಒಬ್ಬ ಪ್ರಯಾಣಿಕನೂ ಪ್ರಾಣ ಕಳೆದುಕೊಂಡಿಲ್ಲ.

ಇಷ್ಟು ಗಟ್ಟಿಯಾದ ಗಾಡಿಗಳನ್ನು ಅವರು ಬಹುಕಾಲ ಓಡಿಸಲಿಲ್ಲ ಎಂಬುದು ಗಮನಾರ್ಹ. 1964ರಲ್ಲಿ ಓಡತೊಡಗಿದ ಬೋಗಿಗಳನ್ನು 1976ರಿಂದಲೇ ಒಂದೊಂದಾಗಿ ನಿವೃತ್ತಿಗೊಳಿಸಿದರು. ಅತಿವೇಗದ ರೈಲು ಸುರಂಗವನ್ನು ಹೊಕ್ಕು ಹೊರಬರುವಾಗ ಗಾಳಿಯ ಒತ್ತಡ ಥಟ್ಟನೆ ಬದಲಾಗುತ್ತದೆ. ಒಳಗೆ ಕುಳಿತವರ ಕಿವಿಗೆ ನೋವಾಗದಿರಲೆಂದು ಬೋಗಿಯನ್ನು ಗಾಳಿಯಾಡದಂತೆ ಮುಚ್ಚಿರುತ್ತಾರೆ. ಆದ್ದರಿಂದ ಆ ಒತ್ತಡವನ್ನೆಲ್ಲ ಬೋಗಿಯ ಉಕ್ಕಿನ ಒಡಲೇ ತಾಳಬೇಕು. ದಿನಕ್ಕೆ ಹಲವು ಬಾರಿ, ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ ಲೋಹವೂ ದಣಿಯುತ್ತದೆ. ಕಣ್ಣಿಗೆ ಹೊಸದಾಗಿಯೇ ಕಾಣುವ ಗಾಡಿಯ ಒಳಗೆ ಆಯಾಸ ಸೇರಿರುತ್ತದೆ. ಅದನ್ನರಿತು ಸಕಾಲದಲ್ಲಿ ಅದಕ್ಕೆ ವಿಶ್ರಾಂತಿ ಕೊಡುವುದೂ ಕಾಯಕನಿಷ್ಠೆಯ ಭಾಗವೇ.

ಶೂನ್ಯ ಶ್ರೇಣಿಯ ಕೊನೆಯ ನಿತ್ಯಸಂಚಾರ ಮುಗಿದದ್ದು 2008ರ ನವೆಂಬರ್ 30ರಂದು. ಉಳಿದಿದ್ದ ಕೆಲವೇ ರೈಲುಗಳಿಗೆ ಆಗ ಬೇರೆ ಬಣ್ಣವಿತ್ತು. ಬೀಳ್ಕೊಡುವ ಆ ವರ್ಷ ಅವುಗಳಿಗೆ 1964ರ ದಂತವರ್ಣ ಮತ್ತು ನೀಲಿಯನ್ನೇ ಮತ್ತೆ ಬಳಿದರು. ನಮ್ಮಲ್ಲಿ ಹಿರಿಯರು ಲಿಂಗೈಕ್ಯರಾದಾಗ ವಿಭೂತಿ ಧರಿಸಿ, ಹೂಮಾಲೆ ಹಾಕಿ ವಿಮಾನದಲ್ಲಿ ಕುಳ್ಳಿರಿಸುವ ಪದ್ಧತಿ ನನಗೆ ನೆನಪಾಯಿತು.

ಅನಂತರ ಆ ಮೂರು ಸಾವಿರ ಬೋಗಿಗಳು ಏನಾದವು? ಬಹುಪಾಲು ಗುಜರಿಗೆ ಹೋದವು. ಉಳಿಸಿಕೊಂಡದ್ದು ಬೆರಳೆಣಿಕೆಯಷ್ಟು. 1964ರ ಮೊಟ್ಟಮೊದಲ ರೈಲಿನ ಬೋಗಿಗಳು 2016ರಲ್ಲಿ ತೆರೆದ ಕ್ಯೋಟೋ ರೈಲ್ವೆ ವಸ್ತುಸಂಗ್ರಹಾಲಯದಲ್ಲಿವೆ. 2007ರಲ್ಲಿ ಆರಂಭವಾದ ಸೈತಾಮಾ ಸಂಗ್ರಹಾಲಯದಲ್ಲಿಯೂ 2011ರಲ್ಲಿ ಆರಂಭವಾದ ನಗೋಯಾ ಸಂಗ್ರಹಾಲಯದಲ್ಲಿಯೂ ಕೆಲವು ಇವೆ. 1976ರಲ್ಲಿ ತಯಾರಾದ ಒಂದು ಬೋಗಿಯನ್ನು 2001ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿ, ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕೊಟ್ಟರು. ಟೋಕಿಯೋದ ಪಶ್ಚಿಮಕ್ಕಿರುವ ಅಕಿಶಿಮಾ ಊರಿನಲ್ಲಿ ಇಂತಹುದೇ ಒಂದು ಬೋಗಿ ಬಹುವರ್ಷ ಮಕ್ಕಳ ಗ್ರಂಥಾಲಯವಾಗಿತ್ತು. ಒಂದು ಕಾಲಕ್ಕೆ ಮಿಂಚಿನಂತೆ ಓಡಿದ ಬಂಡಿಯೊಳಗೆ ಮಕ್ಕಳು ಕುಳಿತು ಕತೆ ಓದುತ್ತಿದ್ದರೆಂಬುದನ್ನು ನೆನೆದಾಗ, ಅದು ನಿಂತೂ ನಡೆಯುತ್ತಿತ್ತೆಂದು ನನಗನಿಸಿತು.

ಕಾಪಿಡುವುದೆಂದರೆ ತಂದು ನಿಲ್ಲಿಸಿ ಫಲಕ ಹಾಕುವುದಲ್ಲ. ಶೂನ್ಯ ಶ್ರೇಣಿಯ ಒಡಲು ಉಕ್ಕಿನದು. ಬಯಲಿನಲ್ಲಿ ನಿಂತರೆ ಮಳೆನೀರು ಬೆಸುಗೆಯ ಸಂದುಗಳನ್ನು ಸೇರುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತ ಬಂದು ಕೊನೆಗೆ ಬಣ್ಣವನ್ನು ಉಬ್ಬಿಸುತ್ತದೆ. ಕಿಟಕಿಯ ರಬ್ಬರು ಬಿಸಿಲಿಗೆ ಸೀಳುತ್ತದೆ, ಆ ಸೀಳಿನಿಂದ ನೀರು ಒಳಗಿಳಿದು ಆಸನ ಮತ್ತು ನೆಲಗಟ್ಟನ್ನು ಕೆಡಿಸುತ್ತದೆ. ಜೀರ್ಣೋದ್ಧಾರ ಮಾಡುವವರು ಮೇಲೆ ಹೊಸ ಬಣ್ಣ ಬಳಿದು ಕೈತೊಳೆದುಕೊಳ್ಳುವಂತಿಲ್ಲ. ತುಕ್ಕು ತಿಂದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡನ್ನು ಬೆಸೆದು, ಆಮೇಲೆ ಬಣ್ಣಕ್ಕೆ ಕೈಹಾಕಬೇಕು. ಮೇಲೊಂದು ಸೂರಿಲ್ಲದಿದ್ದರೆ ಆ ಶ್ರಮವೂ ಕೆಲವೇ ವರ್ಷಗಳದು. ಉದ್ಯಾನಗಳಲ್ಲಿ ಇರಿಸಿದ ಎಷ್ಟೋ ಹಳೆಯ ಬೋಗಿಗಳು ಹೀಗೆ ಹಾಳಾಗಿ ಕಡೆಗೆ ಗುಜರಿಯನ್ನೇ ಸೇರಿವೆ. ಸ್ಥಾವರಕ್ಕೆ ಒದಗುವ ಅಳಿವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ದೃಷ್ಟಾಂತ ಬೇಡ.

ನಮ್ಮ ಪ್ರವಾಹದ ವರ್ಷವೇ ಅವರಿಗೂ ಅಂತಹ ಪರೀಕ್ಷೆ ಬಂತು. 2019ರ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತಕ್ಕೆ ಚಿಕುಮಾ ನದಿಯ ಒಡ್ಡು ಒಡೆದು, ನಗಾನೋದ ರೈಲು ನೆಲೆಯಲ್ಲಿ ನಿಂತಿದ್ದ ಹತ್ತು ಶಿಂಕಾನ್ಸೆನ್ ರೈಲುಗಳು, ಅಂದರೆ 120 ಬೋಗಿಗಳು ನೀರಿನಲ್ಲಿ ಮುಳುಗಿದವು. ಹಳೆಯವೇನಲ್ಲ, ಸೇವೆಯಲ್ಲಿದ್ದ ಹೊಸ ರೈಲುಗಳು. ನೆಲಗಟ್ಟಿನ ಕೆಳಗಿನ ವಿದ್ಯುತ್ ಯಂತ್ರಗಳಿಗೆ ಕೆಸರು ಹೊಕ್ಕಿದ್ದರಿಂದ ಅಷ್ಟನ್ನೂ ಕಳಚಲು ನಿರ್ಧರಿಸಿದರು. ಮೋಹಕ್ಕೆ ಒಳಗಾಗಿ ಅವುಗಳನ್ನು ಮತ್ತೆ ಹಳಿಗೆ ಏರಿಸಲಿಲ್ಲ.

ಕಳಚಿದ್ದೆಲ್ಲ ನಾಶವಾಯಿತೆಂದು ತಿಳಿಯಬೇಕಾಗಿಲ್ಲ. ಶೂನ್ಯ ಶ್ರೇಣಿಯ ನಂತರದ ಎಷ್ಟೋ ಶಿಂಕಾನ್ಸೆನ್ ರೈಲುಗಳ ಒಡಲು ಅಲ್ಯೂಮಿನಿಯಮ್ಮಿನದು. ನಿವೃತ್ತವಾದ 700 ಶ್ರೇಣಿಯ ಬೋಗಿಗಳ ಅಲ್ಯೂಮಿನಿಯಮ್ಮನ್ನು ಕರಗಿಸಿ 2020ರಲ್ಲಿ ಟೋಕಿಯೋ ನಿಲ್ದಾಣದ ಅಂಗಡಿ ಸಾಲಿನ ಅಲಂಕಾರಕ್ಕೆ ಬಳಸಿದರು. ಹೊಸ ರೈಲುಗಳ ಒಳಭಾಗಗಳಿಗೂ ಅದೇ ಲೋಹ ಬಳಕೆಯಾಗುತ್ತಿದೆ. ಹಳೆಯ ಬಂಡಿ ಹೊಸ ಬಂಡಿಯ ಒಳಗೆ ಸೇರಿ ಮತ್ತೆ ಓಡುತ್ತಿದೆ.

ನಮ್ಮ ನಾಡಿನಲ್ಲಿಯೂ ಈ ಕಾಯಕ ನಡೆದಿದೆ. ಮೈಸೂರಿನ ರೈಲು ಸಂಗ್ರಹಾಲಯ 1979ರಲ್ಲಿ ಸ್ಥಾಪನೆಗೊಂಡಿತು. ಮೈಸೂರು ಮಹಾರಾಣಿಯವರಿಗಾಗಿ 1899ರಲ್ಲಿ ಸಿದ್ಧವಾದ ಬೋಗಿ ಅಲ್ಲಿದೆ. ನಮ್ಮ ಉತ್ತರ ಕರ್ನಾಟಕಕ್ಕೆ ಅಂತಹ ಭಾಗ್ಯ ಒದಗಿದ್ದು 2020ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿಯ ಸಂಗ್ರಹಾಲಯ ಆರಂಭವಾದಾಗ. ಅಲ್ಲಿನ ಎರಡು ಹಳೆಯ ರೈಲ್ವೆ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂಬ ಹೆಸರು. ನಮ್ಮ ಹೊಳೆಯ ಹೆಸರನ್ನು ಹೊತ್ತ ಮನೆಯಲ್ಲಿ ನಮ್ಮ ರೈಲಿನ ನೆನಪುಗಳಿವೆ. ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳ ಮೂಲಕ ಹಾದುಹೋಗುವ ನಮ್ಮ ಮಾರ್ಗವನ್ನು 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೀಟರ್ ಗೇಜಿನಲ್ಲಿ ಹಾಕಿತ್ತು. ಆ ಹಳಿ ಇಂದಿಲ್ಲ. 2024ರಿಂದ ಅದೇ ದಾರಿಯಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ರೈಲು ಓಡುತ್ತಿದೆ. ಆ ಕಂಪನಿಯ ಧಾರವಾಡದ ಕಚೇರಿ ಕಟ್ಟಡ ಕರ್ನಾಟಕ ಕಾಲೇಜಾಗಿ ತಲೆಮಾರುಗಳಿಗೆ ವಿದ್ಯೆ ನೀಡಿದೆ. ಅಕಿಶಿಮಾದ ಗ್ರಂಥಾಲಯಕ್ಕೂ ಇದಕ್ಕೂ ನಡುವೆ ಸಾಗರಗಳಿದ್ದರೂ ತತ್ತ್ವ ಒಂದೇ.

ಹುಬ್ಬಳ್ಳಿಗೆ ನಾವು ಹೋದಾಗ ಹುಕ್ಕೇರಿ ತಾಲ್ಲೂಕಿನ ಹಿರಿಯ ಭಕ್ತರೊಬ್ಬರು ಜೊತೆಗಿದ್ದರು. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಹಳೆಯ ಗಾಡಿಯೊಂದರ ಗಾಲಿಯ ಮೇಲೆ ಕೈಯಿಟ್ಟು ಅವರು ಹೇಳಿದ ಮಾತು ನನ್ನ ಟಿಪ್ಪಣಿಯ ತಿರುಳಾಯಿತು: “ಓಡೂ ಗಾಡಿ ತನ್ನ ಬ್ಯಾನಿ ತಾನ ಹೇಳತೈತ್ರಿ ಸರ. ಗಾಲಿ ಕಿರ್ ಅಂತೈತಿ, ಬೇರಿಂಗ್ ಬಿಸಿ ಆಕ್ಕೈತಿ, ನಾವು ಓಡಿ ಹೋಗತೀವಿ. ನಿಂತ ಗಾಡಿ ಬಾಯಿ ಬಿಡಂಗಿಲ್ರಿ. ಅದರ ಬ್ಯಾನಿ ನಾವ ಹೋಗಿ ಕೇಳಬೇಕು.”

ಇದು ಅನುಭವಿಯ ಮಾತು. ಜೇಡರ ದಾಸಿಮಯ್ಯನವರ ವಚನವೊಂದರಲ್ಲಿ ಬಂಡಿಗೆ ಕಡೆಗೀಲು ಆಧಾರವೆಂಬ ದೃಷ್ಟಾಂತವಿದೆ. ದರ್ಪ ತುಂಬಿದ ಈ ಒಡಲನ್ನು ಬಂಡಿಗೂ, ಶರಣರ ನುಡಿಯನ್ನು ಅದರ ಕಡೆಗೀಲಿಗೂ ಅವರು ಹೋಲಿಸುತ್ತಾರೆ. ಗಾಲಿ ಅಚ್ಚಿನಿಂದ ಕಳಚದಂತೆ ಹಿಡಿದಿಡುವ ಕಡೆಗೀಲು ಚಿಕ್ಕದು, ನೋಡುವವರ ಕಣ್ಣಿಗೆ ಬೀಳುವುದೂ ಇಲ್ಲ. ನಿಂತ ಬಂಡಿಗೂ ಒಂದು ಕಡೆಗೀಲು ಬೇಕು. ಅದು ಯಾವುದೆಂದರೆ, ಆ ಬಂಡಿಯನ್ನು ಕಟ್ಟಲು ಬಲ್ಲವರ ಅರಿವು ಮತ್ತು ದಿನವೂ ಹೋಗಿ ಅದರ ಬೇನೆಯನ್ನು ಕೇಳುವವರ ನಿಷ್ಠೆ. ಆ ಕೀಲು ಬಿದ್ದುಹೋದರೆ ಗಾಜಿನ ಮನೆಯಾಗಲಿ ಚಿನ್ನದ ಮನೆಯಾಗಲಿ ಬಂಡಿಯನ್ನು ಉಳಿಸಲಾರದು.

ವಚನಗಳು ಉಳಿದುಬಂದ ಬಗೆಯೂ ಇದೇ ಅಲ್ಲವೆ? ತಾಡೋಲೆಗಳು ಮನೆಮನೆಯ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದವು, ಆದರೆ ಓದುವವರಿಲ್ಲದೆ ಹುಳು ತಿನ್ನುತ್ತಿದ್ದವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿ, ಪಾಠ ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ ಮುದ್ರಣಾಲಯ ಮಾಡಿದರು. ಓಲೆಯ ಪೂಜೆಗೆ ತೃಪ್ತರಾಗದೆ ಅದರೊಳಗಿನ ಅರಿವನ್ನು ಕಾಗದಕ್ಕೂ ಜನರ ನಾಲಿಗೆಗೂ ದಾಟಿಸಿದರು. ಅವರು ಲಿಂಗೈಕ್ಯರಾದದ್ದು 1964ರ ಜೂನ್ ತಿಂಗಳಲ್ಲಿ. ಶಿಂಕಾನ್ಸೆನ್ ಓಡತೊಡಗಿದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ. ಆದರೂ ಈ ಎರಡನ್ನೂ ಜೊತೆಗಿಟ್ಟು ಯೋಚಿಸಿದಾಗ ನನ್ನ ದಾರಿ ನಿಚ್ಚಳವಾಯಿತು.

ಪೂಜ್ಯರಿಗೆ ನಾನು ನಿವೇದಿಸಿದ್ದು ಇಷ್ಟು. ತೇರಿನ ಒಂದು ಬೆಣೆಯನ್ನೂ ಸಡಿಲಿಸುವ ಮೊದಲು ಅದರ ಪ್ರತಿಯೊಂದು ಭಾಗವನ್ನು ಅಳೆದು, ನಕ್ಷೆ ಬರೆದು, ಚಿತ್ರ ತೆಗೆದಿಡಬೇಕು. ಬಿಚ್ಚುವ ಕೆಲಸ ಹಿರಿಯ ಬಡಿಗೇರರ ಕೈಯಿಂದಲೇ ಆಗಬೇಕು, ಪಕ್ಕದಲ್ಲಿ ಅವರ ಮನೆಯ ಹುಡುಗರು ನಿಂತು ಕಲಿಯಬೇಕು. ಗಟ್ಟಿಯಾಗಿರುವ ಒಂದು ಗಾಲಿಯನ್ನೂ ಶರಣರ ಕೆತ್ತನೆಯಿರುವ ಹಲಗೆಗಳನ್ನೂ ಸೂರಿನಡಿ ಎತ್ತರದ ಕಟ್ಟೆಯ ಮೇಲಿಟ್ಟು, ತಿಂಗಳಿಗೊಮ್ಮೆ ಎಣ್ಣೆ ಹಚ್ಚುವ ಹೊಣೆಯನ್ನು ಸರದಿಯಂತೆ ಒಂದೊಂದು ಓಣಿಯವರಿಗೆ ವಹಿಸಬೇಕು. ಬಳಕೆಗೆ ಬರುವ ಉಳಿದ ಕಟ್ಟಿಗೆಯಿಂದ ಮಠದ ಗ್ರಂಥಾಲಯಕ್ಕೆ ವ್ಯಾಸಪೀಠಗಳನ್ನೂ ತಾಡೋಲೆಯ ಪೆಟ್ಟಿಗೆಗಳನ್ನೂ ಮಾಡಿಸಬೇಕು. ಪೂಜ್ಯರು ಇದಕ್ಕೆ ಸಮ್ಮತಿಸಿದ್ದಾರೆ.

ತೇರನ್ನು ಬಿಚ್ಚುವುದೆಂದರೆ ಕರುಳಿಗೆ ಕತ್ತರಿಯಿಟ್ಟಂತೆ ಎಂದು ನೊಂದ ಭಕ್ತರು ಅನೇಕರಿದ್ದಾರೆ. ಅರವತ್ತು ಜಾತ್ರೆ ಕಂಡ ತಾಯಿಯೊಬ್ಬರು, “ನನ್ನ ಮದಿವಿ ವರ್ಷ ಉತ್ತತ್ತಿ ಒಗದಿದ್ದು ಇದೇ ತೇರಿಗ್ರೀ ಯಪ್ಪಾ” ಎಂದು ಪೂಜ್ಯರೆದುರು ಕಣ್ಣೀರಿಟ್ಟರು. ಅವರ ನೋವಿಗೆ ಪಾಂಡಿತ್ಯದ ಉತ್ತರವಿಲ್ಲ. ಪೂಜ್ಯರು ಅವರಿಗೆ ಹೇಳಿದ್ದು, ಮೊದಲ ವ್ಯಾಸಪೀಠ ಸಿದ್ಧವಾದಾಗ ಅದರ ಮೇಲೆ ವಚನದ ಕಟ್ಟನ್ನು ಇರಿಸುವವರು ತಾವೇ ಎಂದು. ಆ ತಾಯಿ ಒಪ್ಪಿದರೋ ಇಲ್ಲವೋ ನಾನರಿಯೆ, ಸೆರಗಿನಿಂದ ಕಣ್ಣೊರೆಸಿಕೊಂಡು ನಮಸ್ಕರಿಸಿ ಹೋದರು.

ನಕ್ಷೆ ಬರೆಯುವ ಕಾರ್ಯ ಬರುವ ಅಮಾವಾಸ್ಯೆಯ ಮರುದಿನ ಆರಂಭವಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಬಡಿಗತನ ಬಲ್ಲ ಶರಣರು ಮತ್ತು ತೇರಿನ ಹಳೆಯ ಭಾವಚಿತ್ರಗಳಿರುವ ಭಕ್ತರು ಅವುಗಳೊಡನೆ ಶ್ರೀಮಠಕ್ಕೆ ದಯಮಾಡಿಸಬೇಕಾಗಿ ಪ್ರಾರ್ಥನೆ.