ತೋಟಾಕ್ಕೆ ಕ್ಷೌರ

ಟೆಕ್ಸಾಸಿನಲ್ಲಿರುವ ಅಕ್ಕನ ಮಗನಿಗೆ ಈಗ ಪಿಸ್ತೂಲಿನ ಹುಚ್ಚು. ಹಾರಿಸುವುದಕ್ಕಿಂತ, ಉದುರಿದ ಹಿತ್ತಾಳೆ ತೋಟಾಗಳನ್ನು ಆರಿಸಿ, ತೊಳೆದು, ಹೊಸ ಕೇಪು, ಮದ್ದು, ಗುಂಡು ಕೂರಿಸುವುದರಲ್ಲೇ ಅವನಿಗೆ ಖುಷಿ.

"ಮಾಮ, ತುಂಬೋ ಮುಂಚೆ ತೋಟಾದ ಬಾಯಿ ಕತ್ತರಿಸಬೇಕಾ ಬೇಡವಾ? ಇಲ್ಲಿ ಅದೇ ದೊಡ್ಡ ಜಗಳ" ಎಂದ ಫೋನಿನಲ್ಲಿ. ಹೊಳಲ್ಕೆರೆಯ ಕಟಿಂಗ್ ಶಾಪಿನಲ್ಲಿ ಸರದಿ ಕಾಯುತ್ತಿದ್ದ ನನಗೆ ಪ್ರಶ್ನೆ ಸಮಯೋಚಿತವಾಗಿಯೇ ಕಂಡಿತು.

ರೈಫಲ್ ತೋಟಾದ ಕತ್ತು ಕಿರಿದು, ಒತ್ತಡ ಜಾಸ್ತಿ. ಹಾರಿಸಿ ಮತ್ತೆ ಅಚ್ಚಿಗೆ ಒತ್ತಿದಂತೆಲ್ಲ ಹಿತ್ತಾಳೆ ಉದ್ದವಾಗುತ್ತದಂತೆ. ಅದಕ್ಕೆ ಕ್ಷೌರ ತಪ್ಪದು. 9 ಎಂ.ಎಂ. ಪಿಸ್ತೂಲಿನದು ನೆಟ್ಟಗಿನ ಮೋಟು ತೋಟಾ, ಹೆಚ್ಚೆಂದರೆ 19.15 ಮಿ.ಮೀ. ಬೆಳೆಯುವುದೇ ಅಪರೂಪ. ಮೇಲಾಗಿ ಅದು ನಳಿಗೆಯೊಳಗೆ ನಿಲ್ಲುವುದು ಬಾಯಂಚಿನ ಆಸರೆಯಲ್ಲಿ. ಜಾಸ್ತಿ ಕತ್ತರಿಸಿದರೆ ಆಸರೆಯೇ ಸಡಿಲ. .357 ಮ್ಯಾಗ್ನಂ ರಿವಾಲ್ವರಿನ ಮಾತು ಬೇರೆ. ಗುಂಡು ಜಾರದಂತೆ ಬಾಯಿ ಮಡಿಸಿ ಬಿಗಿಯಬೇಕು. ಉದ್ದ ಒಂದೇ ಸಮ ಇಲ್ಲದಿದ್ದರೆ ಒಂದು ಬಿಗಿ, ಒಂದು ಸಡಿಲ.

ಹೊಸದುರ್ಗದ ಹೊಲ ಕಾಯಲು ಅಪ್ಪ ಇಟ್ಟುಕೊಂಡಿದ್ದ ಕೇಪಿನ ಕೋವಿಗೆ ತೋಟಾವೇ ಇರಲಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಉದ್ದ ಕಡ್ಡಿಯಲ್ಲಿ ಜಡಿಯೋರು. ಮದ್ದಿನ ಅಳತೆ ಅಂಗೈ ಗುಳಿ. ಅಷ್ಟರಲ್ಲಿ ಹಂದಿ ಶೇಂಗಾ ಮುಗಿಸಿ ಹಿರಿಯೂರಿನ ಗಡಿ ದಾಟಿರೋದು. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ. ಅಷ್ಟು ದಿನವೂ ಅಪ್ಪ ಗೋಡೆಯ ಖಾಲಿ ಮೊಳೆಗಳನ್ನು ನೋಡುತ್ತ ಜಗಲಿಯಲ್ಲಿ ಮಂಕಾಗಿ ಕೂರೋರು. ನೀತಿಸಂಹಿತೆ ಜಾರಿಯಾದದ್ದು ಹಂದಿಗಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತಿತ್ತೆಂದು ನನ್ನ ಗುಮಾನಿ. ಈಗ ಅಪ್ಪನೂ ಇಲ್ಲ, ಕೋವಿಯೂ ಇಲ್ಲ. ಹಂದಿಗಳಿವೆ.

ಹೋದ ಸಲ ಬಂದಾಗ ಹುಡುಗನನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದಿದ್ದೆ. 1779ರಲ್ಲಿ ಮದಕರಿ ನಾಯಕನಿಂದ ಹೈದರಾಲಿ ಕಿತ್ತುಕೊಂಡ ಕೋಟೆ. ಓಬವ್ವನ ಕಿಂಡಿಗಿಂತ ಅವನು ಹೆಚ್ಚು ಹೊತ್ತು ನಿಂತದ್ದು ಮದ್ದು ಬೀಸುವ ಕಲ್ಲುಗಳ ಹತ್ತಿರ. ಪೆಟ್ಲುಪ್ಪು, ಇದ್ದಿಲು, ಗಂಧಕ ಅರೆದ ಕಲ್ಲುಗಳು. ಆನೆ ಕಟ್ಟಿ ತಿರುಗಿಸುತ್ತಿದ್ದರು ಎಂದರು ಗೈಡು. ಇವನು ಬಗ್ಗಿ, ಕಲ್ಲಿನ ಅಂಚು ಸವರಿ, "ತಾತಂಗೆ ತೋರಿಸಿದ್ರಾ ಮಾಮ?" ಎಂದ. ಬೆಳೆ, ಹಂದಿ, ಚುನಾವಣೆಯ ನಡುವೆ ತಾತನಿಗೆ ಕೋಟೆ ಹತ್ತಲು ಪುರುಸೊತ್ತೆಲ್ಲಿತ್ತು?

ಫೋನಿನಲ್ಲಿ ತೀರ್ಪು ಕೊಟ್ಟೆ: 9 ಎಂ.ಎಂ.ಗೆ ಕತ್ತರಿ ಬೇಡ ಕಣೋ, ಅಳತೆ ಮೀರಿದ್ದನ್ನು ಗುಜರಿಗೆ ಹಾಕು. ರಿವಾಲ್ವರಿನದನ್ನು ಒಮ್ಮೆ ಸಮ ಮಾಡಿಕೋ. ಇಲ್ಲಿಯ ಓದುಗರು ಇದನ್ನು ಪ್ರಯೋಗಿಸಿ ನೋಡಬೇಡಿ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಮದ್ದಿನ ಕಲ್ಲು ನೋಡಲು ಮಾತ್ರ ಲೈಸೆನ್ಸ್ ಬೇಡ, ಕೋಟೆಯ ಟಿಕೆಟ್ ಸಾಕು.