ಈರುಳ್ಳಿ ಇಲ್ಲದ ಟಾರ್ಟಿಯಾ

ಅರಿಜೋನಾದ ಟೂಸಾನ್‌ಗೆ ಪಿಎಚ್.ಡಿ ಮಾಡಲು ಬಂದ ನಾನು ಇಲ್ಲಿ ಮೊದಲು ಕಲಿತ ಸ್ಪ್ಯಾನಿಷ್ 'ಸಿನ್ ಸೆಬೊಯಾ, ಸಿನ್ ಆಹೊ'. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ. ಚಳ್ಳಕೆರೆ ಕಡೆಯ ಈರುಳ್ಳಿ ಬೆಳೆಗಾರನ ಮಗಳ ಬಾಯಲ್ಲಿ ಈ ಮಾತು!

ಎರಡು ವರ್ಷದ ಹೊಟ್ಟೆನೋವಿಗೆ ವೈದ್ಯರು ಐಬಿಎಸ್ ಎಂದು ಹೆಸರಿಟ್ಟರು. ಆಹಾರತಜ್ಞೆ ಲೋ ಫಾಡ್‌ಮ್ಯಾಪ್ ಪಥ್ಯ ಹೇಳಿದರು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪಥ್ಯವಿದು. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುಳಿತು ಗಾಳಿಯಾಗುತ್ತವೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್, ಕಾಳಿನಲ್ಲಿ ಗ್ಯಾಲಕ್ಟಾನ್, ಹಾಲಿನಲ್ಲಿ ಲ್ಯಾಕ್ಟೋಸ್. ಒಂದು ಬುರಿಟೊ ಬಿಚ್ಚಿಟ್ಟರೆ ನನಗೆ ಆಗದ್ದೆಲ್ಲ ಅದರೊಳಗೇ ಇರುತ್ತದೆ.

ಗಡಿಯಾಚೆಯ ಸೊನೋರಾ ಗೋಧಿಯ ನಾಡು. ಸ್ಪ್ಯಾನಿಷರು ತಂದ ಗೋಧಿಯಿಂದ ಅಲ್ಲಿನವರು ಕೈ ಬೆಳಕು ಕಾಣುವಷ್ಟು ತೆಳುವಾದ ದೊಡ್ಡ ಟಾರ್ಟಿಯಾ ಮಾಡುತ್ತಾರೆ. ಪಕ್ಕದ ಮನೆಯ ಸೊನೋರಾದ ಅಜ್ಜಿ ನನ್ನ ಕಷ್ಟ ಕೇಳಿ, ಅದಕ್ಕಿಂತ ಹಳೆಯ ಮೆಕ್ಕೆಜೋಳದ ಟಾರ್ಟಿಯಾ ತಟ್ಟಿಕೊಟ್ಟರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಬೇಕು. ಸುಣ್ಣವೆಂದರೆ ಎಲೆಯಡಿಕೆಯಷ್ಟೇ ಗೊತ್ತಿದ್ದ ನನಗೆ ಅದು ಅಚ್ಚರಿ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಲ್ಲ. ಘಮ ಮಾತ್ರ ಉಳಿಯುತ್ತದೆ. ಅದರಲ್ಲಿ ಆಲೂಗಡ್ಡೆ ಬಾಡಿಸಿ, ಈರುಳ್ಳಿಯ ಹಸಿರು ಸೊಪ್ಪು, ಕೊತ್ತಂಬರಿ, ನಿಂಬೆರಸ ಹಾಕಿ ಸುತ್ತಿದರು. ನಮ್ಮ ಜೋಳದ ರೊಟ್ಟಿಯ ಹಾಗೆ ಬಿಸಿಯಿದ್ದಾಗಲೇ ಮಡಚಬೇಕು, ಆರಿದರೆ ಸೀಳುತ್ತದೆ.

ಯುಗಾದಿಗೆ ಇಲ್ಲಿನ ನಾಲ್ಕಾರು ಕನ್ನಡ ಮನೆಯವರು ಸೇರಿದಾಗ ಅದನ್ನೇ ಮಾಡಿಕೊಂಡು ಹೋದೆ. "ಗಡ್ಡೆ ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ" ಎಂದೆ. ಆ ಮನೆಯ ಆಂಟಿಯ ಮುಖ ಅರಳಿತು. "ನೀವೂ ತಿನ್ನಲ್ವಾ? ಹಾಗಾದ್ರೆ ನಮ್ಮವರೇ ಬಿಡಿ!"

ನನ್ನ ಕಾಯಿಲೆಯನ್ನು ಅವರು ಜಾತಿ ಎಂದುಕೊಂಡರು. ನಾನು ತಿದ್ದಲಿಲ್ಲ, ನಕ್ಕೆ. ಪಕ್ಕದಲ್ಲೇ ಕೂರಿಸಿಕೊಂಡು ಎರಡೆರಡು ಸಲ ಬಡಿಸಿದರು. ಆ ರಾತ್ರಿ ಹೊಟ್ಟೆ ತಣ್ಣಗಿತ್ತು, ನಿದ್ದೆ ಮಾತ್ರ ಬರಲಿಲ್ಲ. ಈರುಳ್ಳಿ ಮಾರಿ ಬಂದ ದುಡ್ಡಿನಲ್ಲೇ ನಾನು ಓದಿದ್ದು.

ಮರುದಿನ ಅಪ್ಪನಿಗೆ ಫೋನ್ ಮಾಡಿದೆ. ಪಥ್ಯದ ವಿಷಯ ಅವರಿಗೆ ಅಲ್ಲಿಯವರೆಗೆ ಹೇಳಿರಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ರೇಟು ಬಿದ್ದಾಗ ನಂಗೂ ಅದು ಹೊಟ್ಟೆಗಾಗಲ್ಲ, ಬಿಡವ್ವ."

ಈ ಪಥ್ಯ ಜೀವನಪೂರ್ತಿಯದಲ್ಲ. ಕೆಲವು ವಾರಗಳಾದ ಮೇಲೆ ಬಿಟ್ಟದ್ದನ್ನು ಒಂದೊಂದಾಗಿ ತಿಂದು ನೋಡಬೇಕು. ಗೋಧಿ ಅರ್ಧ ಟಾರ್ಟಿಯಾದಷ್ಟು ಒಗ್ಗಿತು. ಈರುಳ್ಳಿ ಎರಡು ಚಮಚಕ್ಕೇ ಸೋಲಿಸಿತು.

ಕಳೆದ ವಾರ ಆಂಟಿ ಮತ್ತೆ ಊಟಕ್ಕೆ ಕರೆದರು. "ನಿಮಗೆ ಅಂತ ಎಲ್ಲಾ ಈರುಳ್ಳಿ ಇಲ್ಲದೇ ಮಾಡ್ತೀನಿ" ಎಂದರು.

"ತುಂಬಾ ಥ್ಯಾಂಕ್ಸ್ ಆಂಟಿ. ನಮ್ಮಪ್ಪ ಈರುಳ್ಳಿ ಬೆಳೀತಾರೆ. ಮನೇಲಿ ಎಲ್ಲಾ ತಿಂತೀವಿ. ನನಗೆ ಹೊಟ್ಟೆ ಸರಿಯಿಲ್ಲ, ಅಷ್ಟೇ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಆಯ್ತು, ಬನ್ನಿ" ಎಂದರು.

ಶನಿವಾರ ಹೋಗುತ್ತಿದ್ದೇನೆ. ಟಾರ್ಟಿಯಾ ಬಿಸಿಯಾಗಿರಲೆಂದು ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತೇನೆ.