ಮನೆ ಬಾಡಿಗೆಗೆ ಇದೆ, ಆದರೆ...

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮೂರನೆಯ ಮಾತೊಂದನ್ನು ಹೇಳದೆ ಬಿಟ್ಟರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬುದೇ ಆ ಮಾತು. ಮೊದಲಿನ ಎರಡರಲ್ಲಿ ಖರ್ಚಾಗುವುದು ಹಣ. ಮೂರನೆಯದರಲ್ಲಿ ಹಣ ಬರುತ್ತದೆ, ಖರ್ಚಾಗುವುದು ನಿದ್ದೆ.

ನಮ್ಮ ವಿದ್ಯಾಗಿರಿಗೆ ಈ ಅನುಭವ ಹೊಸದಲ್ಲ. ಬಾಗಲಕೋಟೆಯ ಹಳೇ ಊರಿಗೂ ನವನಗರಕ್ಕೂ ನಡುವೆ ಇರುವ ಈ ಬಡಾವಣೆಯ ಹೆಸರಿನಲ್ಲೇ ವಿದ್ಯೆ ಇದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು, ಆಸ್ಪತ್ರೆಗಳು ಬಂದವು, ತೋಟಗಾರಿಕಾ ವಿಶ್ವವಿದ್ಯಾಲಯವೂ ಬಂತು. ಕಾಲೇಜುಗಳ ಪ್ರವೇಶದ ದಿನಗಳಲ್ಲಿ ಇಲ್ಲಿನ ಕ್ರಾಸುಗಳಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಮುಂದೆ ತಂದೆ, ಹಿಂದೆ ಬ್ಯಾಗು ಹೊತ್ತ ಮಗ ಇಲ್ಲವೆ ಮಗಳು. ಪ್ರತಿ ಗೇಟಿನ ಮುಂದೆ ಅದೇ ಪ್ರಶ್ನೆ: ‘ಮನಿ ಖಾಲಿ ಐತೇನ್ರಿ?’

ಮಗನಿಗಾಗಲಿ ಎಂದು ಕಟ್ಟಿಸಿದ ನಮ್ಮ ಮೇಲಿನ ಮನೆ ಅವನು ಪುಣೆಯಲ್ಲಿ ನೌಕರಿ ಹಿಡಿದ ಮೇಲೆ ಖಾಲಿ ಬಿದ್ದಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹೊರಗಿನಿಂದ ಮೆಟ್ಟಿಲು. ‘ಖಾಲಿ ಮನಿಯೊಳಗ ಇಲಿ ಬಾಡಿಗಿ ಇಲ್ಲದ ಇರ್ತಾವ. ಅದಕಿಂತ ಬಾಡಿಗಿ ಕೊಡೋ ಮಂದಿ ಇದ್ರ ಏನಾತು?’ ಎಂದು ಎರಡು ವರ್ಷದ ಹಿಂದೆ ಮನೆಯವರು ಹೇಳಿದಾಗ ಎದುರಾಡಲು ನನ್ನ ಬಳಿ ಕಾರಣ ಇರಲಿಲ್ಲ. ಬೋರ್ಡು ಬರೆಸಿದೆವು, ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ‘ಟು ಲೆಟ್’ ಎಂದು ಬರೆಸಿದರೆ ನಮ್ಮ ಶಾಲೆಯ ಹುಡುಗರು ನಡುವೆ ಒಂದು ‘ಐ’ ಸೇರಿಸಿ ಅದನ್ನು ಏನು ಮಾಡುತ್ತಾರೆಂದು ಮೂವತ್ತು ವರ್ಷ ಪಾಠ ಮಾಡಿದ ನನಗೆ ಗೊತ್ತು.

ಬೋರ್ಡು ನೋಡಿ ಬಾಡಿಗೆದಾರರಿಗಿಂತ ಮೊದಲು ಬಂದವರು ಸಲಹೆಗಾರರು. ‘ಮಾಸ್ತರ್ರ, ಸರಕಾರಿ ನೌಕರರಿಗೆ ಕೊಡ್ರಿ, ಪಗಾರ ತಪ್ಪೂದುಲ್ಲ’ ಎಂದರು ಒಬ್ಬರು. ‘ನೌಕರರಿಗೆ ಬ್ಯಾಡ್ರಿ, ವರ್ಗ ಆಗಿ ನಡುವ ಬಿಟ್ಟು ಹೋಗ್ತಾರ’ ಎಂದರು ಇನ್ನೊಬ್ಬರು. ಮದುವೆಯಾಗದ ಹುಡುಗರು ಬೇಡ, ಗದ್ದಲ. ಸಣ್ಣ ಮಕ್ಕಳಿದ್ದವರು ಬೇಡ, ಗೋಡೆಯ ಮೇಲೆ ಚಿತ್ರ. ವಕೀಲರು ಬೇಡ, ಬಿಡಿಸುವುದು ಕಷ್ಟ. ಪೊಲೀಸರು ಬೇಡ, ಕೇಳುವುದು ಕಷ್ಟ. ಶಿಕ್ಷಕರಂತೂ ಬೇಡವೇ ಬೇಡ, ಬಾಡಿಗೆಯ ಜತೆ ಉಪದೇಶವನ್ನೂ ಕೊಡುತ್ತಾರೆ. ಬೇಡವಾದವರನ್ನೆಲ್ಲ ಕಳೆದು ನೋಡಿದರೆ ಉಳಿದದ್ದು ಇಲಿಗಳೇ.

ಪ್ರಯೋಗಶಾಲೆಯಲ್ಲಿ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಒಂದಿದೆ. ಯಾವ ಪರೀಕ್ಷೆಯೂ ಎಲ್ಲವನ್ನೂ ಹೇಳುವುದಿಲ್ಲ. ನೀಲಿ ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆ, ಅಷ್ಟೇ. ಆ ದ್ರವದ ಬೆಲೆ ಎಷ್ಟು, ಅದನ್ನು ತಂದವರು ಯಾರು ಎಂದು ಅದನ್ನು ಕೇಳಬಾರದು. ಮೊದಲು ನಮಗೆ ತಿಳಿಯಬೇಕಾದದ್ದು ಏನು ಎಂದು ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಅದಕ್ಕೆ ತಕ್ಕ ಪರೀಕ್ಷೆ ಹುಡುಕಬೇಕು. ಬಾಡಿಗೆದಾರರ ವಿಷಯದಲ್ಲಿ ಮನೆ ಕೊಡುವವನಿಗೆ ತಿಳಿಯಬೇಕಾದದ್ದು ಮೂರು. ಬಾಡಿಗೆ ತಿಂಗಳಿಗೆ ಸರಿಯಾಗಿ ಬರುತ್ತದೆಯೇ? ಮನೆಯನ್ನು ಜೋಪಾನ ಮಾಡುತ್ತಾರೆಯೇ? ಕೆಳಗಿನವರು, ಪಕ್ಕದವರು ರಾತ್ರಿ ನಿದ್ದೆ ಮಾಡಬಹುದೇ? ಕೇಳುವ ಪ್ರತಿ ಪ್ರಶ್ನೆಯೂ ಈ ಮೂರರಲ್ಲಿ ಒಂದಕ್ಕೆ ಉತ್ತರ ತರಬೇಕು.

ಮೊದಲನೆಯದಕ್ಕೆ ನೌಕರಿಯ ಇಲ್ಲವೆ ಕಾಲೇಜಿನ ಗುರುತಿನ ಚೀಟಿ, ವಿದ್ಯಾರ್ಥಿಗಳಾದರೆ ತಂದೆತಾಯಿಯ ವಿಳಾಸ ಮತ್ತು ಫೋನು ಬೇಕು. ಎರಡನೆಯದಕ್ಕೆ ಅವರು ಹಿಂದೆ ಇದ್ದ ಮನೆಯ ಮಾಲೀಕರನ್ನು ವಿಚಾರಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಈಗ ಇರುವ ಮನೆಯವರನ್ನು ಮಾತ್ರ ಕೇಳಿದರೆ ಸಾಲದು; ಬಾಡಿಗೆದಾರರು ಹೋದರೆ ಸಾಕೆಂದು ಅವರು ಹೊಗಳಿಯಾರು. ಅದಕ್ಕೂ ಹಿಂದಿನ ಮನೆಯವರಿಗೆ ಸುಳ್ಳು ಹೇಳುವ ಅವಶ್ಯಕತೆ ಇರುವುದಿಲ್ಲ. ಮೂರನೆಯದಕ್ಕೆ ಎದುರು ಕೂಡಿಸಿಕೊಂಡು ಮಾತನಾಡುವುದೇ ದಾರಿ. ಎಷ್ಟು ಜನ ಇರುತ್ತೀರಿ, ರಾತ್ರಿ ಎಷ್ಟು ಗಂಟೆಗೆ ಬರುತ್ತೀರಿ, ನೀರು ಬಿಟ್ಟ ದಿನ ಯಾರು ತುಂಬುತ್ತೀರಿ ಎಂದು ಮೊದಲೇ ಕೇಳಿದರೆ ಯಾರಿಗೂ ಬೇಸರವಿಲ್ಲ.

ಉಳಿದದ್ದು ಕಾಗದದ ಕೆಲಸ. ಊರೆಲ್ಲ ಹನ್ನೊಂದು ತಿಂಗಳ ಕರಾರು ಏಕೆ ಬರೆಯುತ್ತಾರೆಂದು ಅನೇಕರಿಗೆ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಾದರೆ ಆ ಓಡಾಟ ತಪ್ಪುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸು ಸಾಕು. ಓದುವ ಮಕ್ಕಳಿಗೆ ಹದಿನೈದು ದಿನಗಳಲ್ಲಿ, ಅದೂ ಪರೀಕ್ಷೆಯ ಸಮಯದಲ್ಲಿ, ಮನೆ ಎಲ್ಲಿ ಸಿಗಬೇಕು? ಒಂದು ತಿಂಗಳು ಎಂದು ಎರಡೂ ಕಡೆಗೆ ಒಪ್ಪುವಂತೆ ಬರೆದುಕೊಳ್ಳುವುದು ಮೇಲು. ಅಡ್ವಾನ್ಸಿನ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ರೂಢಿಯನ್ನು ಇಲ್ಲಿಗೆ ತರುವುದು ಬೇಡ. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡವೆಂದಿದೆ. ಹೆಸ್ಕಾಂ ಮೀಟರು ಬೇರೆ ಇರಲಿ, ಬಂದ ದಿನದ ರೀಡಿಂಗು ಕರಾರಿನಲ್ಲೇ ಇರಲಿ. ಫ್ಯಾನು, ನಲ್ಲಿ, ಕಿಟಕಿಯ ಗಾಜು ಹೇಗಿವೆ ಎಂದು ಫೋಟೋ ತೆಗೆದಿಟ್ಟರೆ ಬಿಡುವಾಗ ಜಗಳವಿಲ್ಲ. ಪ್ರತಿ ತಿಂಗಳೂ ರಸೀದಿ.

ಇಷ್ಟನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಹಾಳೆಯಲ್ಲಿಲ್ಲದ ಒಂದು ಪ್ರಶ್ನೆಯನ್ನು ಮಾತ್ರ ಬಂದ ಸಲಹೆಗಾರರೆಲ್ಲ ನೆನಪಿಸಿ ಹೋಗುತ್ತಿದ್ದರು. ‘ಎಲ್ಲಾ ಖರೇ, ಮಂದಿ ಯಾರು ಅಂತ ನೋಡಿ ಕೊಡ್ರಿ.’

ಈ ಪ್ರಶ್ನೆಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಅದಕ್ಕೆ ಸಭ್ಯ ರೂಪಗಳಿವೆ. ‘ಅಡ್ಡಹೆಸರು ಏನ್ರಿ?’ ಎನ್ನಬಹುದು. ‘ನಿಮ್ಮ ಮನಿದೇವರು ಯಾರ್ರಿ?’ ಎನ್ನಬಹುದು. ‘ಊರಾಗ ಮನಿ ಯಾವ ಓಣಿಯಾಗ ಬರತೈತ್ರಿ?’ ಎನ್ನಬಹುದು. ಮೂರೂ ಕುಶಲಪ್ರಶ್ನೆಯಂತೆ ಕೇಳಿಸುತ್ತವೆ. ಕೇಳುವವನಿಗೂ ಗೊತ್ತು, ಉತ್ತರಿಸುವವನಿಗೂ ಗೊತ್ತು, ಅದು ಕುಶಲಪ್ರಶ್ನೆಯಲ್ಲ.

ಆ ವಾರದ ಭಾನುವಾರ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಬಾದಾಮಿ ತಾಲ್ಲೂಕಿನವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕಿರಲಿಲ್ಲ. ಇನ್ನಿಬ್ಬರು ಗೆಳೆಯರೊಂದಿಗೆ ಸೇರಿ ಮನೆ ಹಿಡಿಯುವ ವಿಚಾರ. ಗೇಟಿನ ಹೊರಗೇ ನಿಂತು ಅವರು ಹೇಳಿದರು:

‘ಸರ್ರ, ಒಂದು ಮಾತು ಮೊದಲ ಹೇಳಿಬಿಡ್ತೀನ್ರಿ. ನಾವು ಎಸ್.ಸಿ. ನಿಮಗ ಅಡ್ಡಿ ಇಲ್ಲಾಂದ್ರ ಒಳಗ ಬಂದು ಮನಿ ನೋಡ್ತೀವಿ. ಇಲ್ಲಾಂದ್ರ ನಿಮ್ಮ ಟೈಮೂ ಉಳೀತೈತಿ, ನಮ್ಮ ಟೈಮೂ ಉಳೀತೈತಿ.’

ಅವರ ದನಿಯಲ್ಲಿ ದೈನ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿನ ಬ್ರೇಕು ಸಡಿಲಾಗಿದೆ ಎಂದು ಡ್ರೈವರನಿಗೆ ಹೇಳುವ ದನಿ ಅದು. ಹಿಂದಿನ ದಿನ ಎರಡು ಕಡೆ ಮನೆ ನೋಡಿ, ಬಾಡಿಗೆ ಮಾತಾಡಿ, ಅಡ್ವಾನ್ಸು ಕೊಡಲು ಕಿಸೆಗೆ ಕೈ ಹಾಕಿದ ಮೇಲೆ ಅಡ್ಡಹೆಸರಿನ ಮಾತು ಬಂದಿತ್ತಂತೆ. ಕೂಡಲೇ ಇಬ್ಬರಿಗೂ ಊರಿಂದ ತಮ್ಮ ಬಂದು ಇರುವ ವಿಷಯ ನೆನಪಾಯಿತಂತೆ. ಇದನ್ನು ತಂದೆ ಹೇಳುತ್ತಿದ್ದಷ್ಟು ಹೊತ್ತೂ ಮಗ ನಮ್ಮ ಕಾಂಪೌಂಡಿನ ನಲ್ಲಿಯನ್ನೇ ನೋಡುತ್ತ ನಿಂತಿದ್ದ.

ನಾನು ಗೇಟು ತೆಗೆಯುವಷ್ಟರಲ್ಲಿ ಮನೆಯವರು ಒಳಗಿನಿಂದ ಬಂದರು. ‘ಬರ್ರಿ ಅಣ್ಣಾರ, ಮೊದಲ ಮ್ಯಾಲ ಹೋಗಿ ಮನಿ ನೋಡ್ರಿ. ನೀರು ದಿನಾ ಬರೂದುಲ್ಲ. ಟ್ಯಾಂಕ್ ತುಂಬಿದ ಕೂಡಲೆ ಮೋಟರ್ ಬಂದ್ ಮಾಡಬೇಕು. ಅದು ಆಗತೈತೇನ್ ಕೇಳ್ರಿ ನಿಮ್ಮ ಮಗನ್ನ’ ಎಂದರು. ಹುಡುಗ ಆಗ ನಲ್ಲಿಯಿಂದ ಕಣ್ಣು ತೆಗೆದು ‘ಆಗತೈತ್ರಿ ಅವ್ವಾರ’ ಎಂದ. ಸಂದರ್ಶನ ಅಲ್ಲಿಗೆ ಮುಕ್ಕಾಲು ಮುಗಿಯಿತು.

ತಂದೆಯ ಪ್ರಶ್ನೆಗಳು ನನ್ನವಕ್ಕಿಂತ ಚೆನ್ನಾಗಿದ್ದವು. ಮೇಲಿನ ಕೋಣೆ ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆ, 2023ರಲ್ಲಿ ಬಂದ ಗೃಹಜ್ಯೋತಿಗೆ ಈ ಮೀಟರಿನ ಮೇಲೆ ಅರ್ಜಿ ಹಾಕಬಹುದೇ, ಮೂವರಲ್ಲಿ ಒಬ್ಬ ನಡುವೆ ಬಿಟ್ಟರೆ ಅವನ ಪಾಲಿನ ಬಾಡಿಗೆ ಯಾರು ಕೊಡಬೇಕು ಎಂದೆಲ್ಲ ಕೇಳಿದರು. ಕೊನೆಯದು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಉಳಿದಿಬ್ಬರು ಎಂದು ಅವರೇ ಹೇಳಿ ಬರೆಸಿದರು.

ಇದು ಒಬ್ಬ ಮೆಕ್ಯಾನಿಕ್‌ನ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದ ಡಾ. ಅಂಬೇಡ್ಕರರಿಗೆ ಆ ಊರಿನಲ್ಲಿ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಕೆಲವು ದಿನ ಉಳಿದರು. ವಿಷಯ ತಿಳಿದ ಜನ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಮುಂದೆ ದೇಶಕ್ಕೆ ಸಂವಿಧಾನ ಬರೆಯುವ ಕೆಲಸದ ಮುಂದಾಳಾದ ಮನುಷ್ಯ ಒಂದು ಕೋಣೆಗಾಗಿ ಹೆಸರು ಮುಚ್ಚಿಡಬೇಕಾಯಿತು. ಅದೇ ಸಂವಿಧಾನದ 17ನೇ ವಿಧಿ 1950ರಿಂದ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಶಾಲೆಯಲ್ಲಿ ನಾವು ಅದನ್ನು ಎರಡು ಅಂಕದ ಪ್ರಶ್ನೆಯಾಗಿ ಕೇಳುತ್ತೇವೆ.

ಬಂದವನ ಕುಲ ಕೇಳಬಾರದೆಂದು ಹನ್ನೆರಡನೆಯ ಶತಮಾನದಲ್ಲೇ ಹೇಳಿದ ಬಸವಣ್ಣ ಐಕ್ಯವಾದ ಕೂಡಲಸಂಗಮ ದೂರವೇನೂ ಅಲ್ಲ, ನಮ್ಮ ಹುನಗುಂದ ಸೀಮೆಯಲ್ಲೇ ಇದೆ. ರಜೆ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ ಬರುತ್ತೇವೆ. ತರಗತಿಯಲ್ಲಿ ನಾನು ರಕ್ತದ ಗುಂಪುಗಳ ಪಾಠ ಮಾಡುತ್ತೇನೆ. 1901ರಲ್ಲಿ ಲ್ಯಾಂಡ್‌ಸ್ಟೈನರ್ ಅವನ್ನು ಗುರುತಿಸಿದ ಮೇಲೆ ಆಸ್ಪತ್ರೆಯಲ್ಲಿ ರಕ್ತದ ಚೀಲದ ಮೇಲೆ ಗುಂಪನ್ನು ಓದುತ್ತಾರೆ, ಕೊಟ್ಟವರ ಓಣಿಯನ್ನು ಕೇಳುವುದಿಲ್ಲ. ಮೈಯೊಳಗೆ ಹರಿಯಬಹುದಾದವರು ನಮ್ಮ ಮೆಟ್ಟಿಲು ಹತ್ತಬಾರದೆಂದರೆ ಯಾವ ಶಾಸ್ತ್ರ?

ಬಾಗಲಕೋಟೆಯವರಾದ ನಾವಂತೂ ಇದನ್ನು ಮರೆಯಬಾರದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಆಣೆಕಟ್ಟಿನ ಹಿನ್ನೀರು ಮುಂದೆ ಘಟಪ್ರಭೆಯ ಗುಂಟ ಏರಿ ಹಳೇ ಊರಿನ ತಗ್ಗಿನ ಓಣಿಗಳನ್ನು ಹಿಡಿಯಿತು. ಆ ನೀರಿಗೆ ಗೊತ್ತಿದ್ದದ್ದು ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂಬ ಲೆಕ್ಕವೊಂದೇ. ಗೆರೆಯ ಕೆಳಗೆ ಬಂದ ಮನೆ ಯಾರದು ಎಂದು ಅದು ವಿಚಾರಿಸಲಿಲ್ಲ. ವಾಡೆಯವರೂ ಗುಡಿಸಲಿನವರೂ ಒಂದೇ ಥರ ಸಾಮಾನು ಕಟ್ಟಿ, ಒಂದೇ ಕಚೇರಿಯ ಮುಂದೆ ಸರದಿಯಲ್ಲಿ ನಿಂತು, ನವನಗರದ ಸೆಕ್ಟರುಗಳಲ್ಲಿ ಸೂರು ಹುಡುಕಿದರು. ಮನೆ ಹುಡುಕುವವನ ಮುಖ ಹೇಗಿರುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದೇನಾಯಿತು ಎಂದು ಓದುಗರು ಕೇಳಬಹುದು. ವಿಶೇಷವೇನೂ ಆಗಲಿಲ್ಲ. ಮೂವರೂ ಈಗಲೂ ಮೇಲೆ ಇದ್ದಾರೆ. ಮೊದಲ ತಿಂಗಳಲ್ಲೇ ಎರಡು ಸಲ ಟ್ಯಾಂಕು ತುಂಬಿ ಹರಿಯಿತು. ಕ್ರಿಕೆಟ್ ಇದ್ದ ರಾತ್ರಿ ಒಮ್ಮೆ ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮಬೇಕಾಯಿತು. ಕೈತೊಳೆಯುವ ಬೇಸಿನ್ ಒಡೆದದ್ದನ್ನು ಅವರೇ ಕೂಡಿ ಹೊಸದು ಹಾಕಿಸಿದರು. ಒಬ್ಬನ ವಿದ್ಯಾರ್ಥಿವೇತನ ತಡವಾದ ತಿಂಗಳು ಬಾಡಿಗೆ ಹತ್ತು ದಿನ ತಡವಾಯಿತು. ಕರಾರಿನ ಆ ಕೊನೆಯ ಸಾಲಿನಂತೆ ಉಳಿದಿಬ್ಬರು ಹೊಂದಿಸಿ ಕೊಟ್ಟರು. ಹತ್ತೊಂಬತ್ತು, ಇಪ್ಪತ್ತರ ಹುಡುಗರು ಯಾವ ಜಾತಿಯವರಾದರೂ ಮಾಡುವುದು ಇಷ್ಟೇ. ಓಣಿಯ ಒಬ್ಬರು ಎರಡು ತಿಂಗಳು ನಮ್ಮೊಂದಿಗೆ ಮಾತು ಕಡಿಮೆ ಮಾಡಿದರು. ಆಮೇಲೆ ಅವರಾಗಿಯೇ ಆರಂಭಿಸಿದರು. ಕಾರಣ ನಾವೂ ಕೇಳಲಿಲ್ಲ.

ಈ ಪುರವಣಿಯನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಬರುವ ವರ್ಷ ಪರ ಊರಿನಲ್ಲಿ ಮನೆ ಹುಡುಕುತ್ತೀರಿ. ನೀರು, ಮೀಟರು, ರಸೀದಿ, ಅಡ್ವಾನ್ಸು ಮರಳಿ ಕೊಡುವ ದಿನ, ಎಲ್ಲವನ್ನೂ ಧೈರ್ಯವಾಗಿ ಕೇಳಿ. ಮನೆ ನೋಡುವುದು ನಿಮ್ಮ ಹಕ್ಕು. ನಿಮ್ಮ ಹಿಂದೆ ಬರುವ ಗೆಳೆಯನಿಗೆ ಆ ನಾಲ್ಕನೆಯ ಪ್ರಶ್ನೆ ಎದುರಾದರೆ ನೀವು ಮೊದಲು ಒಳಗೆ ಹೋಗಿ ಕೂಡಬೇಡಿ. ಇನ್ನು ಮನೆ ಕೊಡುವ ತಂದೆತಾಯಿಗಳಿಗೆ ಒಂದು ಮಾತು. ಬಂದವರನ್ನು ನೀವು ವಿಚಾರಿಸುವಾಗ ನಿಮ್ಮ ಮಕ್ಕಳು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಾರೆ. ಓದುತ್ತಿದ್ದಾರೆ ಎಂದುಕೊಳ್ಳಬೇಡಿ. ಕೇಳಿಸಿಕೊಳ್ಳುತ್ತಿರುತ್ತಾರೆ. ಹತ್ತು ವರ್ಷ ನಾವು ಶಾಲೆಯಲ್ಲಿ ಕಲಿಸಿದ್ದು ಉಳಿಯುವುದೋ ಅಳಿಯುವುದೋ ಆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.